ಸಂಡಿಗೆಯವರು ಹೇಳಿದ ಗಂಜಿ

ನಾನು ನಡೆಸುವ ಕೈಮಗ್ಗ ಘಟಕದಲ್ಲಿ ಹಾಸುನೂಲು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಗಟ್ಟಿಯಾಗಲೆಂದು ಹಾಕುವ ಅಕ್ಕಿ ಗಂಜಿಯನ್ನು ಬಿಡಿಸಿ, ಸೇಲಂನಲ್ಲಿ ಸುಲಭವಾಗಿ ಸಿಗುವ ಸಬ್ಬಕ್ಕಿಯ, ಇಲ್ಲಿನವರು ಜವ್ವರಿಸಿ ಅನ್ನೋದರ, ಗಂಜಿ ಹಾಕಿಸಿದ್ದು ನಾನೇ. ಮಗ್ಗದಲ್ಲಿ ನೂಲು ಮತ್ತೆ ಮತ್ತೆ ಕಿತ್ತುಹೋಯಿತು. ಐದು ಹದದಲ್ಲಿ ಕಾಯಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

"ಇನ್ನೊಂದ್ ಕಿತ ಇಂಗಾದ್ರೆ ನಾನು ಪವರ್‌ಲೂಮ್‌ಗೆ ಓಗ್ತೀನಿ ಸಾರ್," ಎಂದರು ನಮ್ಮ ಘಟಕದ ಹಿರಿಯ ನೇಕಾರ ಗೋವಿಂದಣ್ಣ.

ಆ ವಾರ ನಮ್ಮಂಥ ಸಣ್ಣ ಸಾಮಾಜಿಕ ಉದ್ಯಮಗಳವರು ಓಮಲೂರಿನಲ್ಲಿ ಸುಮ್ಮನೆ ಸೇರಿದ್ದೆವು. ಊಟದ ಸಾಲಿನಲ್ಲಿ ನನ್ನ ಮುಂದಿದ್ದವರು ಧರ್ಮಪುರಿಯಲ್ಲಿ ಹೆಂಗಸರ ಸಂಡಿಗೆ ಘಟಕ ನಡೆಸುವ ಒಬ್ಬ ಅಕ್ಕ. ನನ್ನ ಕಥೆ ಕೇಳಿ ನಕ್ಕರು.

"ಜವ್ವರಿಸಿ ಗಂಜಿ ಒಣಗಿದ್ರೆ ಪಟಪಟ ಮುರೀತೈತೆ ತಂಬಿ. ಸಂಡಿಗೆಗೆ ನಮ್ಗದೇ ಬೇಕು. ನಿನ್ ನೂಲಿಗೂ ಬೇಕಾ?"

"ಮತ್ತೇನ್ ಮಾಡೋದಕ್ಕಾ?"

"ಒಂಚೂರು ಕಡ್ಲೆಕಾಯಿ ಎಣ್ಣೆ ಬಿಡು. ಮೆತ್ತಗಾಯ್ತದೆ."

ಬಿಟ್ಟೆ. ಮುಂದಿನ ಹಾಸು ಕೊನೆಯವರೆಗೂ ನಿಂತಿತು. ಗೋವಿಂದಣ್ಣ ನೂಲನ್ನು ಬೆರಳಲ್ಲಿ ಮೀಟಿ, "ಯಾರ್ ಸಾರ್ ಏಳ್ಕೊಟ್ಟಿದ್ದು?" ಎಂದರು. ಹೇಳಿದೆ.

"ಸಂಡಿಗೆ ಆಕೋರಾ? ಅದಕ್ಕೆ ಓಮಲೂರ್‌ಗಂಟ ಯಾಕೆ ಓದ್ರಿ? ನಮ್ಮನೇಲೂ ಆಕ್ತಾಳಲ್ಲ!"

ಅವರ ಹೆಂಡತಿ ದಿನಾ ಮಧ್ಯಾಹ್ನ ನನಗೆ ಊಟ ಬಡಿಸುತ್ತಾರೆ. ಅವರ ಹತ್ತಿರ ನಾನು ಇಷ್ಟು ದಿನ ಕೇಳಿದ್ದು ಉಪ್ಪು ಮಾತ್ರ.