ಮಣ್ಣಿನ ಹಾಡಿನ ಮೂರನೇ ಚರಣ

ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ನಡೆದದ್ದು ನಡೆದಿದೆ. ಅದು ಕನಸು, ಜ್ವರದ ಭ್ರಮೆ, ಗಾಳಿಯ ಸದ್ದು ಎಂದು ಬುದ್ಧಿ ಹೇಳಲು ಬಂದವರನ್ನೆಲ್ಲ ಕೇಳಿ ಕೇಳಿ ಸಾಕಾಗಿದೆ. ಜ್ವರ ಬಂದದ್ದು ನನಗಲ್ಲ. ಆ ರಾತ್ರಿ ಗಾಳಿಯೂ ಇರಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭೂತ ಪ್ರೇತದ ಕತೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾವು ಮಂಗಳೂರಿನ ಪ್ರಾಟೆಸ್ಟಂಟರು, ಮಿಶನಿನವರು. ನನ್ನ ಅಜ್ಜ ಮನೆಯಲ್ಲಿ ಪೂಜಿಸುತ್ತಿದ್ದ ಭೂತದ ಮೊಗವನ್ನು, ಆ ಮುಖವಾಡವನ್ನು, ಬಟ್ಟೆಯಲ್ಲಿ ಸುತ್ತಿ ಪಾದ್ರಿಯ ಕೈಗೆ ಕೊಟ್ಟು ಬಂದವರು. ಅಂದಿನಿಂದ ನಮ್ಮ ಮನೆಯಲ್ಲಿ ಕತ್ತಲೆಗೆ ಹೆದರಿದ ಮಕ್ಕಳಿಗೆ ಬೈಗುಳ ಸಿಗುತ್ತಿತ್ತೇ ಹೊರತು ಯಾರೂ ನೂಲು ಮಂತ್ರಿಸಿ ಕಟ್ಟಿದ್ದಿಲ್ಲ.

ಮೊದಲನೇ ಜರ್ಮನ್ ಯುದ್ಧ ಮುಗಿಯುತ್ತಾ ಬಂದ ಕಾಲ ಅದು. ನಮ್ಮ ಜರ್ಮನ್ ಪಾದ್ರಿಗಳನ್ನು ಸರಕಾರದವರು ಕರೆದುಕೊಂಡು ಹೋಗಿ ವರ್ಷಗಳಾಗಿದ್ದವು. ಅವರು ಬಿಟ್ಟುಹೋದದ್ದರಲ್ಲಿ ನಮಗೆ ತುಂಬ ಹೆಮ್ಮೆಯದು ನಾಲ್ಕು ಸ್ವರದ ಹಾಡು. ಹೆಂಗಸರದು ಎರಡು ಸ್ವರ, ಗಂಡಸರದು ಎರಡು. ನಾನು ವಾರವಿಡೀ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವನು, ಭಾನುವಾರ ದೇವಾಲಯದಲ್ಲಿ ಟೆನರ್, ಗಂಡಸರ ಮೇಲಿನ ಸ್ವರ. ನನ್ನ ಎಡಕ್ಕೆ ನಿಂತು ಎಲ್ಲರಿಗಿಂತ ಕೆಳಗಿನ ಬೇಸ್ ಸ್ವರ ಹಾಡುತ್ತಿದ್ದವರು ದೇವದಾಸ ಬಾವ, ನನ್ನ ಅಕ್ಕ ಸಲೋಮಿಯ ಗಂಡ. ಅಕ್ಕ ಎದುರಿನ ಬೆಂಚಿನಲ್ಲಿ ಸೊಪ್ರಾನೊ, ಮೇಲಿನ ಸ್ವರ. ಆ ಮದುವೆ ಕುದುರಿದ್ದೇ ಹಾಡಿನ ಅಭ್ಯಾಸದಲ್ಲಿ ಎಂದು ಸಭೆಯವರು ತಮಾಷೆ ಮಾಡುತ್ತಿದ್ದರು.

ಬೇಸ್ ಸ್ವರವನ್ನು ಒಂಟಿಯಾಗಿ ಕೇಳಿದ್ದೀರಾ? ಹಾಡು ಎಂದು ಅನ್ನಿಸುವುದೇ ಇಲ್ಲ. ಉದ್ದಕ್ಕೆ ಎಳೆದ ಒಂದು ಸ್ವರ, ಸ್ವಲ್ಪ ಮೌನ, ಮತ್ತೆ ಅದಕ್ಕಿಂತ ಕೆಳಗೆ ಇನ್ನೊಂದು... ಹೊಸಬರಿಗೆ ಯಾರೋ ನರಳಿದ ಹಾಗೆ ಕೇಳೀತು. ಜೊತೆಗೆ ನಿಂತು ಹಾಡಿದವರಿಗೆ ಮಾತ್ರ ಅದು ಯಾವ ಹಾಡು, ಎಷ್ಟನೇ ಸಾಲು ಎಂದು ಗೊತ್ತಾಗುತ್ತದೆ.

ಆ ವರ್ಷದ ಜ್ವರದ ವಿಷಯ ಹಿರಿಯರು ಹೇಳಿ ನೀವು ಕೇಳಿರಬಹುದು. ಬೆಳಿಗ್ಗೆ ಗಂಜಿ ಕುಡಿದವನು ಮರುದಿನ ಇಲ್ಲ. ಬಂದರಿನಲ್ಲಿ ಗೋದಾಮುಗಳ ಬಾಗಿಲು ಮುಚ್ಚಿತ್ತು. ನಮ್ಮ ಸಮಾಧಿಗಳಿರುವ ಗೋರಿಗುಡ್ಡೆಯ ಕೆಂಪುಕಲ್ಲು ಕಡಿಯಲು ಆಳು ಸಿಗುತ್ತಿರಲಿಲ್ಲ. ಆ ಜ್ವರ ಬಾವನನ್ನೂ ಬಿಡಲಿಲ್ಲ. ಅಗಲ ಎದೆಯ ಮನುಷ್ಯ, ಎಂದೂ ಕೆಮ್ಮಿದವರಲ್ಲ. ಮಲಗಿದ ಮೇಲೆ ಏಳಲೇ ಇಲ್ಲ.

ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುವಾಗ ಹಾಡುವ ಹಾಡೊಂದಿದೆ. ನಾವು ಅದನ್ನು ಮಣ್ಣಿನ ಹಾಡು ಎನ್ನುತ್ತೇವೆ. ನಾಲ್ಕು ಚರಣ. ಮೊದಲ ಎರಡು ಅಳುವವರ ಮಾತು. ಮೂರನೆಯದು ಹೋಗುವವನೇ ಹೇಳುವ ಮಾತು, ಕೊನೆಯದು ಬೀಳ್ಕೊಡುವುದು. ಮೂರನೇ ಚರಣದ ನಡುವಿನ ಸಾಲಿಗೆ ಗಂಡಸರು ನಿಲ್ಲಿಸಬೇಕು; ಅದು ಹೋಗುವವನಿಗೆ ಉಳಿದವರು ಕೊಡುವ ಉತ್ತರ, ಹೆಂಗಸರದು ಮಾತ್ರ. ಆಮೇಲೆ ಟೆನರ್ ಸೇರುತ್ತದೆ, ಕೊನೆಗೆ ಬೇಸ್. ಚರಣ ನಾಲ್ಕನ್ನೂ ಮುಗಿಸದೆ ಯಾರೂ ಗುಡ್ಡೆ ಇಳಿಯುವ ಕ್ರಮವಿಲ್ಲ.

ಬಾವನಿಗೆ ಎರಡೇ ಚರಣ ಆಯಿತು. ಬೇಸ್ ಹಾಡುವವರು ಯಾರೂ ಉಳಿದಿರಲಿಲ್ಲ, ಅದು ಹೋಗಲಿ. ಗೇಟಿನ ಹತ್ತಿರ ಇನ್ನೊಂದು ಪೆಟ್ಟಿಗೆ ಬಂದು ಕಾಯುತ್ತಿತ್ತು, ಹೊತ್ತವರು ಸ್ವತಃ ಜ್ವರದಲ್ಲಿ ನಡುಗುತ್ತಿದ್ದರು. ಇನ್ನು ಸಾಕು, ದೇವರು ಅರ್ಥ ಮಾಡಿಕೊಳ್ಳುತ್ತಾನೆ ಎಂದು, ಪಾದ್ರಿಗಳ ಬದಲಿಗೆ ಸಭೆ ನಡೆಸುತ್ತಿದ್ದ ಉಪದೇಶಿಗಳು ಪುಸ್ತಕ ಮುಚ್ಚಿದರು. ಅಕ್ಕ ಮೂರನೇ ಚರಣಕ್ಕೆಂದು ಎಳೆದುಕೊಂಡ ಉಸಿರನ್ನು ಹಾಗೆಯೇ ಬಿಟ್ಟಳು. ನಾನು ಅವಳ ಪಕ್ಕದಲ್ಲೇ ಇದ್ದೆ, ನೋಡಿದೆ.

ಮನೆಗೆ ಬರುವಾಗ ಅವಳ ಮೈಯೂ ಸುಡುತ್ತಿತ್ತು.

ನಮ್ಮ ಮನೆ ಗುಡ್ಡೆಯ ಬುಡದಲ್ಲೇ. ಅಮ್ಮ, ನಾನು, ಅಕ್ಕ, ಅವಳ ಇನ್ನೂ ಹಲ್ಲು ಬಾರದ ಹೆಣ್ಣು ಕೂಸು. ಜ್ವರ ಏರಿ ಅಕ್ಕನ ಹಾಲು ಬತ್ತಿತ್ತು. ಅಮ್ಮ ಗಂಜಿಯ ತಿಳಿಯಲ್ಲಿ ಬಟ್ಟೆ ಅದ್ದಿ ಕೂಸಿಗೆ ಚೀಪಿಸುತ್ತಿದ್ದಳು. ಅಕ್ಕ ಹೋದರೆ ಕೂಸೂ ಉಳಿಯುವುದಿಲ್ಲ ಎಂದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 

ಬಾವನನ್ನು ಮಣ್ಣು ಮಾಡಿದ ಮರುದಿನದ ರಾತ್ರಿ. ಮಳೆ ನಿಂತಿತ್ತು. ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಇರಲಿಲ್ಲ, ನಾಯಿ ಕೂಡ ಬೊಗಳುತ್ತಿರಲಿಲ್ಲ. ನಾನು ಅಕ್ಕನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತಿದ್ದೆ.

ಆಗ ಗುಡ್ಡೆಯ ಕಡೆಯಿಂದ... ಕೆಳಗಿನ ಒಂದು ಸ್ವರ.

ಯಾರದೋ ದನ ಎಂದುಕೊಂಡೆ. ಸ್ವಲ್ಪ ಮೌನ. ಮತ್ತೆ ಅದಕ್ಕಿಂತ ಕೆಳಗೆ ಇನ್ನೊಂದು. ನನ್ನ ಕೈಯ ಬಟ್ಟೆ ಕೈಯಲ್ಲೇ ಉಳಿಯಿತು. ಮಣ್ಣಿನ ಹಾಡು ಅದು. ಮೂರನೇ ಚರಣ. ಸ್ವರ ಬಾವನದು. ವರ್ಷಗಟ್ಟಲೆ ನನ್ನ ಎಡಕಿವಿಗೆ ಬಿದ್ದ ಸ್ವರವನ್ನು ನಾನು ಬೇರೆ ಯಾರದ್ದೋ ಎಂದು ತಿಳಿಯಲು ಸಾಧ್ಯವೇ?

ಹೆಂಗಸರ ಸಾಲು ಬಂದಾಗ ಅದು ನಿಂತಿತು. ಎಷ್ಟು ನಿಲ್ಲಬೇಕೋ ಅಷ್ಟೇ ನಿಂತಿತು... ಯಾರೂ ಹಾಡಲಿಲ್ಲ. ಮತ್ತೆ ಚರಣದ ಮೊದಲಿನಿಂದ ಹಿಡಿಯಿತು.

ಅಮ್ಮನ ಮುಖ ನೋಡಿದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದಳು. ಎಬ್ಬಿಸಿ, ಹೊರಗೆ ಏನಾದರೂ ಕೇಳುತ್ತದಾ ಎಂದು ಕೇಳಿದೆ. ಕಪ್ಪೆ ಎಂದಳು.

ಅಕ್ಕ ಕಣ್ಣು ಬಿಟ್ಟಿದ್ದಳು. ಕಿಟಕಿಯ ಕಡೆ ಮುಖ. ಹೆಂಗಸರ ಸಾಲು ಬಂದ ಕೂಡಲೇ ಅವಳ ಎದೆ ಏರಿತು, ಬಾಯಿ ತೆರೆಯಿತು. ಸ್ವರ ಹೊರಡಲಿಲ್ಲ, ಒಣ ಉಸಿರು ಮಾತ್ರ. ಆದರೆ ಆ ಉಸಿರಿಗೇ ಗುಡ್ಡೆಯ ಸ್ವರ ಹತ್ತಿರವಾಯಿತು. ಸಮಾಧಿಗಳ ನಡುವೆ ಇದ್ದದ್ದು ಈಗ ಗೇಟಿನ ಹತ್ತಿರ ಇತ್ತು. ಅವಳು ಆ ಸಾಲು ಹಾಡಿ ಮುಗಿಸಿದರೆ ಅವರ ಜೊತೆಗೇ ಹೋಗಿಬಿಡುತ್ತಾಳೆ ಎಂದು ನನಗೆ ಆಗ ಹೊಳೆಯಿತು.

ಕಿಟಕಿ ಹಾಕಿದೆ. ಸಂದಿಗೆ ಹಳೆ ಸೀರೆ ತುರುಕಿದೆ. ಸ್ವರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮುಂದಿನ ಸಲ ಅಕ್ಕ ಬಾಯಿ ತೆರೆಯುವಾಗ ಕೈ ಅಡ್ಡ ಹಿಡಿದೆ. ಜ್ವರದ ಕೈಯಲ್ಲಿ ಅವಳು ನನ್ನ ಕೈಯನ್ನು ಎಷ್ಟು ಬಲವಾಗಿ ತಳ್ಳಿದಳೆಂದರೆ ನಾನು ಹಿಂದಕ್ಕೆ ವಾಲಿದೆ.

"ಕೈ ತೆಗಿ ಎಲಿಯ," ಎಂದಳು. "ಅವರು ಅಲ್ಲಿ ನಿಂತುಕೊಂಡಿದ್ದಾರೆ. ನಾನು ನನ್ನ ಸಾಲು ಹೇಳದೆ ಅವರಿಗೆ ಮುಂದೆ ಹೋಗ್ಲಿಕ್ಕೆ ಆಗುವುದಿಲ್ಲ."

"ಕೂಸು ಉಂಟು ಅಕ್ಕ. ಕೂಸನ್ನು ನೋಡು."

ಅವಳು ಕೂಸನ್ನು ನೋಡಲಿಲ್ಲ.

ನೆರೆಯ ಮನೆಯವರಾಗಿದ್ದರೆ ಯಾರನ್ನಾದರೂ ಕರೆಸುತ್ತಿದ್ದರು. ಒಬ್ಬ ಮಂತ್ರವಾದಿಯೋ, ಮೈಮೇಲೆ ದೈವ ಬರುವ ದರ್ಶನದ ಪಾತ್ರಿಯೋ ಬಂದು, ಇದು ಇಂಥದ್ದು, ಇದಕ್ಕೆ ಹೀಗೆ ಮಾಡಿ ಎನ್ನುತ್ತಿದ್ದ. ನಮಗೆ ಯಾರಿದ್ದಾರೆ? ಉಪದೇಶಿಗಳ ಬಾಗಿಲು ತಟ್ಟಿದರೆ, ಸತ್ತ ವಿಶ್ವಾಸಿಗಳು ಕಡೇ ದಿನದವರೆಗೂ ಮಲಗಿರುತ್ತಾರೆ, ಹೋಗಿ ಪ್ರಾರ್ಥನೆ ಮಾಡು ಎನ್ನುತ್ತಿದ್ದರು. ಪ್ರಾರ್ಥನೆ ಮಾಡಿದೆ. ನನ್ನ ಪ್ರಾರ್ಥನೆಯ ಆಮೆನ್ ಆಗುವ ಮೊದಲೇ ಆ ಸ್ವರ ಮತ್ತೆ ಮೊದಲಿನಿಂದ ಹಿಡಿಯಿತು. ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಮೂಲೆಯಲ್ಲಿ ಕುಳಿತು ಅತ್ತೆ.

ಆಮೇಲೆ ತೋಚಿದ್ದು ಒಂದೇ. ಬಾವನಿಗೆ ಬೇಕಾದದ್ದು ಹಾಡು ಮುಗಿಯುವುದು ತಾನೆ? ಅದನ್ನು ಅಕ್ಕನೇ ಮುಗಿಸಬೇಕೆಂದು ಎಲ್ಲಿದೆ? ಅಮ್ಮನಿಗೆ ಹೇಳದೆ ಲಾಟೀನು ಹಿಡಿದು ಹೊರಟೆ.

ಗುಡ್ಡೆಯ ದಾರಿ ಹಗಲಿನಲ್ಲಿ ಏನೂ ಅಲ್ಲ. ಆ ರಾತ್ರಿ ಒಂದೊಂದೇ ಹೆಜ್ಜೆ ಎಣಿಸುತ್ತಾ ಹತ್ತಿದೆ. ಹೊಸದಾಗಿ ತೋಡಿದ ಕೆಂಪು ಮಣ್ಣಿನ ಹಸಿ ವಾಸನೆ, ಅದರ ಜೊತೆಗೆ ಬಾಡಿದ ಹೂವಿನದು. ಹಳೆಯ ಬಿಳಿ ದೊರೆಗಳ ಕಲ್ಲಿನ ಗೋರಿಗಳು, ಅವರ ಸಣ್ಣ ಸಣ್ಣ ಮಕ್ಕಳ ಗೋರಿಗಳು ಲಾಟೀನಿನ ಬೆಳಕಿಗೆ ಒಂದೊಂದಾಗಿ ಎದ್ದು ಬಂದವು. ನಾನು ಗೇಟಿಗೆ ಬಂದ ಕೂಡಲೇ ಸ್ವರ ನಿಂತಿತು.

ಬಾವನ ಮಣ್ಣಿನ ಮುಂದೆ ನಿಂತೆ. ಮಣ್ಣು ಕದಲಿರಲಿಲ್ಲ. ನಾವು ಇಟ್ಟ ಶಿಲುಬೆಯೂ ಹಾಗೇ ಇತ್ತು. ಮೂರನೇ ಚರಣ ಎತ್ತಿದೆ.

ಎರಡನೇ ಸ್ವರಕ್ಕೇ ಅವರು ಸೇರಿದರು.

ಸ್ವರ ಮಣ್ಣಿನ ಕೆಳಗಿನಿಂದ ಬರುತ್ತದೆ ಎಂದುಕೊಂಡಿದ್ದೆ. ಹಾಗೆ ಬಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಅದು ನನ್ನ ಎಡಗಡೆಯಿಂದ ಬಂತು, ದೇವಾಲಯದಲ್ಲಿ ಅವರು ನಿಲ್ಲುತ್ತಿದ್ದಷ್ಟೇ ಹತ್ತಿರದಿಂದ. ಅವರು ಹಾಕುತ್ತಿದ್ದ ನಸ್ಯದ ವಾಸನೆ ಬಂತು. ಲಾಟೀನು ನನ್ನ ಬಲಗೈಯಲ್ಲಿತ್ತು. ಎಡಕ್ಕೆ ತಿರುಗಿಸಲು ಧೈರ್ಯ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ.

ಹೆಂಗಸರ ಸಾಲಿಗೆ ಅವರು ನಿಲ್ಲಿಸಿದರು. ಆ ಸಾಲನ್ನು ನಾನೇ ಹಾಡಿದೆ, ಗಂಡಸಿನ ಒಡಕು ಸ್ವರದಲ್ಲಿ, ಮೇಲಿನ ಸ್ವರ ಎಟುಕದೆ. ಆಗ ಎಡಗಡೆಯಲ್ಲಿ ಒಂದು ಉಸಿರು ತಡೆಯಿತು. ಸಾಲು ಸರಿ, ಸ್ವರ ಇದಲ್ಲವಲ್ಲ ಎಂದು ಯೋಚಿಸಿದ ಹಾಗೆ... ಕೊನೆಗೆ ಬೇಸ್ ಸೇರಿತು. ಮೂರನೇ ಚರಣ ಮುಗಿಯಿತು. ನಾಲ್ಕನೆಯದನ್ನೂ ಹಾಡಿದೆವು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೂ ಆ ಚರಣದಲ್ಲಿ ಒಂದು ಸ್ವರವೂ ತಪ್ಪಲಿಲ್ಲ, ಇಬ್ಬರದೂ.

ಮುಗಿದ ಮೇಲೆ ಬಾವ ಪ್ರತಿ ಹಾಡಿನ ನಂತರ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹಾಗೆಯೇ ಒಂದು ಸಣ್ಣ ಸದ್ದು. ಆಮೇಲೆ ಏನೂ ಇಲ್ಲ.

ಮನೆಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಎಂತ ಆಯ್ತು ಮಾರಾಯ ನಿನಗೆ?" ಎಂದಳು. "ಒಬ್ಬನೇ ಗುಡ್ಡೆಯಲ್ಲಿ ನಿಂತು ಹಾಡುವುದು ಇಲ್ಲಿಗೆ ಕೇಳ್ತಾ ಇತ್ತು."

ಒಬ್ಬನೇ. ಅವಳಿಗೆ ಕೇಳಿದ್ದು ನನ್ನ ಸ್ವರ ಮಾತ್ರ.

ಒಳಗೆ ಅಕ್ಕ ಬೆವರಿನಲ್ಲಿ ಒದ್ದೆಯಾಗಿ ಮಲಗಿದ್ದಳು. ಜ್ವರ ಬಿಟ್ಟಿತ್ತು. ಬೆಳಗಾಗುವಾಗ ಗಂಜಿ ಕೇಳಿದಳು. ಕೂಸು ಉಳಿಯಿತು, ಅಕ್ಕ ಉಳಿದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ದೇವರಿಗೆ ಸ್ತೋತ್ರ ಹೇಳಿದೆ.

ಅಕ್ಕ ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಬಾವಿಕಟ್ಟೆಯಲ್ಲಿ ನನ್ನನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದು ನಾನು ನೆನೆಸಿರಲಿಲ್ಲ. ಬೈಯಲೂ ಇಲ್ಲ. ತುಂಬ ಮೆಲ್ಲಗೆ ಕೇಳಿದಳು.

"ಅದು ನನ್ನ ಸಾಲಲ್ಲವಾ ಎಲಿಯ? ನೀನು ಯಾಕೆ ಹೇಳಿದೆ?"

 ನಿನ್ನ ಜೀವ ಉಳಿಸಲಿಕ್ಕೆ ಎಂದು ಹೇಳಬಹುದಿತ್ತು. ಅವಳ ಮುಖ ನೋಡಿ, ಅವಳ ಕೈಯ ಕೊಡ ತೆಗೆದುಕೊಂಡು ಒಳಗೆ ನಡೆದೆ.

ಅಂದಿನಿಂದ ಅಕ್ಕ ಹಾಡಲಿಲ್ಲ. ಭಾನುವಾರ ತಪ್ಪದೆ ದೇವಾಲಯಕ್ಕೆ ಬಂದು, ಹೆಂಗಸರ ಬೆಂಚಿನಲ್ಲಿ ಬಾಯಿ ಮುಚ್ಚಿ ನಿಲ್ಲುತ್ತಿದ್ದಳು. ಹೊಲಿಗೆ ಕೆಲಸ ಮಾಡಿ ಮಗಳನ್ನು ಬೆಳೆಸಿದಳು, ಕಂಕನಾಡಿಯ ಕಡೆ ಒಳ್ಳೆಯ ಮನೆಗೆ ಮದುವೆ ಮಾಡಿಕೊಟ್ಟಳು. ಎಲ್ಲರ ಜೊತೆ ನಗುತ್ತಾ ಮಾತಾಡುತ್ತಿದ್ದಳು. ಗುಡ್ಡೆಯ ಕಡೆಯ ಕಿಟಕಿಯನ್ನು ಮಾತ್ರ ಎಂಥ ಆಷಾಢದ ಮಳೆಗೂ ಹಾಕಗೊಡುತ್ತಿರಲಿಲ್ಲ. ನೀರು ಒಳಗೆ ಬಂದರೆ ಬಟ್ಟೆ ಹಾಸುತ್ತಿದ್ದಳು. ರಾತ್ರಿ ಎಚ್ಚರವಾದಾಗಲೆಲ್ಲ ಅವಳು ಆ ಕಿಟಕಿಯ ಹತ್ತಿರ ಕುಳಿತಿರುವುದನ್ನು ನೋಡುತ್ತಿದ್ದೆ. ಸ್ವರ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಬರಲಿಲ್ಲ.

ಎರಡನೇ ಯುದ್ಧವೂ ಮುಗಿದ ಮೇಲೆ, ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಳು. ಈ ಸಲ ಎದೆಯ ಕಾಯಿಲೆ, ಗುಣವಾಗುವುದಿಲ್ಲ ಎಂದು ಡಾಕ್ಟರರು ಹೇಳಿ ಹೋಗಿದ್ದರು. ಕೊನೆಯ ರಾತ್ರಿ ಮಗಳು ಸುಸ್ತಾಗಿ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಕಿಟಕಿ ತೆರೆದಿತ್ತು. ನಾನು ಅಕ್ಕನ ಕೈ ಹಿಡಿದು ಕುಳಿತಿದ್ದೆ.

ಆಗ ಬಂತು.

ಗುಡ್ಡೆಯ ಮೇಲಿನಿಂದ, ಕೆಳಗಿನ ಒಂದು ಸ್ವರ. ಮೌನ. ಮತ್ತೊಂದು. ಇಷ್ಟು ವರ್ಷದ ನಂತರ, ಒಂದಿಷ್ಟೂ ಮುದಿಯಾಗದ ಬಾವನ ಸ್ವರ. ನನಗೆ ಭಯಕ್ಕಿಂತ ಮೊದಲು ಸಂತೋಷವಾಯಿತು, ನಂಬುತ್ತೀರಾ? ಅಕ್ಕನಿಗಾಗಿ ಬಂತಲ್ಲ, ಕೊನೆಗಾದರೂ ಬಂತಲ್ಲ ಎಂದು.

"ಕೇಳ್ತಾ ಉಂಟಲ್ಲ ಅಕ್ಕ?" ಎಂದೆ. "ಬಾವ ಬಂದಿದ್ದಾರೆ."

ಅಕ್ಕ ಕಣ್ಣು ಬಿಟ್ಟಳು. ಕಿಟಕಿಯ ಕಡೆ ಕಿವಿ ಕೊಟ್ಟಳು. ತುಂಬ ಹೊತ್ತು ಕೊಟ್ಟಳು. ಅಷ್ಟರಲ್ಲಿ ಆ ಸ್ವರ ಚರಣವನ್ನು ಮತ್ತೆ ಮೊದಲಿನಿಂದ ಹಿಡಿದಿತ್ತು.

"ಇಲ್ಲ," ಎಂದಳು. "ನನಗೆ ಎಂತದೂ ಕೇಳುವುದಿಲ್ಲ."

ನಾನು ಅವಳ ಕೈ ಗಟ್ಟಿಯಾಗಿ ಹಿಡಿದೆ. ಸರಿಯಾಗಿ ಕೇಳು ಅಕ್ಕ, ಈಗ ನಿನ್ನ ಸಾಲು ಬರುತ್ತದೆ ಎಂದೆ. ಅವಳು ನನ್ನ ಮುಖವನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಹಾಗಾದ್ರೆ ಅದು ನಿನಗೆ ಎಲಿಯ," ಎಂದಳು. "ಅವತ್ತು ಉತ್ತರ ಕೊಟ್ಟದ್ದು ನೀನಲ್ಲವಾ."

ಗೋಡೆಯ ಕಡೆ ತಿರುಗಿ ಮಲಗಿದಳು.  ಬೆಳಗಾಗುವ ಮೊದಲು ಹೋದಳು.

ಅವಳನ್ನು ಬಾವನ ಪಕ್ಕದಲ್ಲೇ ಮಣ್ಣು ಮಾಡಿದೆವು. ಚರಣ ನಾಲ್ಕೂ ಹಾಡಿದರು, ಹೊಸ ಹುಡುಗರು ಚೆನ್ನಾಗಿ ಹಾಡಿದರು. ಇನ್ನು ಎಲ್ಲ ಮುಗಿಯಿತು ಎಂದು ನಾನು ಮನೆಗೆ ಬಂದು ಆ ಕಿಟಕಿಯನ್ನು ಹಾಕಿ, ಮೇಲೆ ಹಲಗೆ ಹೊಡೆದೆ.

ಮುಗಿದಿಲ್ಲ. ಕೆಲವು ರಾತ್ರಿ ಬರುತ್ತದೆ, ಕೆಲವು ರಾತ್ರಿ ಇಲ್ಲ. ಮೂರನೇ ಚರಣ, ನಡುವಿನ ಸಾಲಿಗೆ ನಿಲ್ಲುತ್ತದೆ, ಕಾಯುತ್ತದೆ. ಗುಡ್ಡೆಯ ಮೇಲಿದ್ದದ್ದು ಮೊನ್ನೆ ಗೇಟಿನ ಹತ್ತಿರ ಇತ್ತು. ಅಕ್ಕನ ಸ್ವರ ಜೊತೆಗೆ ಇದೆಯೇ ಎಂದು ಪ್ರತಿ ಸಲವೂ ಕಿವಿ ಕೊಟ್ಟು ಕೇಳುತ್ತೇನೆ. ಪಕ್ಕದಲ್ಲೇ ಮಲಗಿಸಿದ್ದೇವಲ್ಲ, ಇರಬೇಕಿತ್ತು.

ಇಲ್ಲ. ಬಾವ ಒಬ್ಬರೇ ಹಾಡುತ್ತಾರೆ.