ನಾಲ್ಕನೆಯ ಕೈ

ನನ್ನ ತಂಗಿಯ ಕೈ ನನಗೆ ಗುರುತು ಸಿಗಲಿಲ್ಲ ಎಂದೇ ಎಲ್ಲರೂ ನಂಬಿದ್ದಾರೆ. ಸುಳ್ಳು. ಸಿಕ್ಕಿತ್ತು. ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಚಿಕ್ಕಂದಿನಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವಾಗ ಸುತ್ತಿಗೆಯ ಏಟು ಹಾಕಿದವಳು ನಾನೇ. ಅಂಥ ಉಗುರು ಮರೆಯುತ್ತದೆಯೇ?

ಅವಳು ಕುಣಿಗಲ್‌ನಲ್ಲಿ ಮಗನ ಮನೆಯಲ್ಲಿದ್ದಳು. ಬಾಯಿ ಜೋರು. ಟೀವಿಯಲ್ಲಿ ಆಟದ ಕಾರ್ಯಕ್ರಮ ಬಂದರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. "ಅದಲ್ಲ ಕಣೋ ಮಂಕೆ, ಎರಡನೇದು ಒತ್ತು!" ಎಂದು ಆಡುವವರಿಗೆ ಬೈಯುತ್ತಿದ್ದಳು. ಗಂಡ ಸತ್ತ ಮೇಲೆ, ಮದುವೆಮನೆಯಲ್ಲಿ ಹಿಂದೆ ಹೋಗಿ ಕೂತ್ಕೊಳೆ ಎಂದು ನಾನೇ ಹೇಳಿದರೆ, "ಸತ್ತಿರೋದು ಅವ್ರು ಕಣಕ್ಕ, ನಾನಲ್ಲ" ಎನ್ನುತ್ತಿದ್ದಳು. ಆದರೂ ಹೋಗಿ ಹಿಂದೆಯೇ ಕೂರುತ್ತಿದ್ದಳು.

ಬಟವಾಡಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವನು ಟೀವಿಗೆ ಹೊಸ ಆಟ ಕಟ್ಟುತ್ತಿದ್ದ. ಮಾದರಿಗೆ ಒಂದು ಕಂತು ತೆಗೆದು ಚಾನೆಲ್‌ನವರಿಗೆ ತೋರಿಸಬೇಕು, ಮೆಚ್ಚಿದರೆ ಅವರು ಕೊಳ್ಳುತ್ತಾರೆ. ಆಟ ಇಷ್ಟೆ: ಪರದೆಯ ತೂತುಗಳಿಂದ ಐದು ಹೆಂಗಸರ ಕೈ ಮಾತ್ರ ಹೊರಗೆ ಬರುತ್ತವೆ. ಈಚೆ ನಿಂತವಳು ತನ್ನವಳ ಕೈ ಯಾವುದೆಂದು ಹೇಳಬೇಕು. ಗುಬ್ಬಿಯ ಒಂದು ಕಲ್ಯಾಣಮಂಟಪದಲ್ಲಿ ನಮ್ಮಿಬ್ಬರನ್ನು ನಿಲ್ಲಿಸಿದ. ತಂಗಿಯ ಗಂಡನ ಊರು ಆ ಕಡೆಯೇ. ಅವಳ ನಾದಿನಿಯರೆಲ್ಲ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಐದೂ ಕೈಯಲ್ಲಿ ಹಸಿರು ಬಳೆ. ನಾನು ಬೋಳುಗೈ ಹುಡುಕುತ್ತಿದ್ದೆ. ಆಗ ನಾಲ್ಕನೆಯ ಕೈಯ ಉಗುರು ಕಂಡಿತು. ಅದು ಬೇಕೆಂದೇ ಬಳೆ ಅಲ್ಲಾಡಿಸುತ್ತಿತ್ತು. ಹಿಂದೆ ನಾದಿನಿಯರು.

"ಯಾವ್ದಜ್ಜಿ?" ಎಂದ ಮಹಡಿಯವನು.

"ಇವು ಯಾವೂ ಅಲ್ಲ."

"ನಾಲ್ಕನೇದು ಸರಿಯಾಗಿ ನೋಡಿ."

"ಅದಂತೂ ಅಲ್ವೇ ಅಲ್ಲ."

ಪರದೆ ಸರಿಸುತ್ತಾರೆ ಎನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಸರಿಸಿದರು. ನನ್ನ ಮಾತು ಕೇಳಿಸಿಕೊಂಡಿದ್ದರೂ ತಂಗಿಯ ಮುಖದ ಮೇಲೆ ನಗು ಇನ್ನೂ ಉಳಿದಿತ್ತು. ನಾದಿನಿಯರ ಗುಸುಗುಸು ಎದ್ದಿತು. ನಾನು ಇನ್ನೊಂದು ಸುಳ್ಳು ಸೇರಿಸಿದೆ: "ಟೀವಿಯವ್ರು ಬಲವಂತವಾಗಿ ತೊಡಿಸವ್ರೆ." ತಂಗಿ ತಲೆ ಬಗ್ಗಿಸಿದಳು, ಅಲ್ಲ ಎನ್ನಲಿಲ್ಲ. ಅವಳ ಮಗ ಜಗಳಕ್ಕೆ ನಿಂತ, ನಮ್ಮಮ್ಮನನ್ನು ತೋರಿಸಿದರೆ ಸುಮ್ಮನಿರಲ್ಲ ಎಂದ. ಮಹಡಿಯವನು ನಮ್ಮ ಭಾಗ ಕತ್ತರಿಸಿ, ಉಳಿದದ್ದನ್ನು ಹಿಡಿದು ಚಾನೆಲ್‌ಗಳ ಬಾಗಿಲು ತಿರುಗಿದ. ಜೀವ ಇದ್ದದ್ದೇ ನಿಮ್ಮ ಭಾಗದಲ್ಲಿ ಅಜ್ಜಿ ಎಂದ ಆಮೇಲೆ. ಯಾರೂ ಕೊಳ್ಳಲಿಲ್ಲ.

ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ತಂಗಿ ಕೇಳಿದಳು: "ನಿಜವಾಗ್ಲೂ ಗೊತ್ತಾಗ್ಲಿಲ್ವೇನಕ್ಕ?"

"ಇಲ್ಲ ಕಣೆ."

ಮತ್ತೆ ಕೇಳಲಿಲ್ಲ. ಮನೆಗೆ ಬಂದಾಗ ಮಾತ್ರ ವೀಳ್ಯದೆಲೆಯ ತೊಟ್ಟನ್ನು ಆ ಉಗುರಿನಿಂದ ನನ್ನ ಕಣ್ಣೆದುರೇ ಚಿವುಟುತ್ತಿದ್ದಳು, ನಿಧಾನವಾಗಿ.

ಹೋದ ತಿಂಗಳು ತೀರಿಕೊಂಡಳು. ತಿಥಿ ಮುಗಿಸಿ ಬಂದ ಸಂಜೆ ಮಹಡಿಯವನು ಫೋನ್ ಹಿಡಿದು ಕೆಳಗಿಳಿದ. "ಅಜ್ಜಿ, ಆಗ ಕತ್ತರಿಸಿದ್ದು ಇದೆ. ನೋಡ್ತೀರಾ?" ಆಟಕ್ಕೆ ಮುಂಚಿನದೂ ಅದರಲ್ಲಿತ್ತು. ಬಳೆ ತೊಡಿಸುವವಳು ನನ್ನ ತಂಗಿಯನ್ನು ಮಾತ್ರ ಬಿಟ್ಟು ಮುಂದಕ್ಕೆ ಹೋಗುತ್ತಾಳೆ. ಇವಳು ಕೈ ಚಾಚಿ ನಿಲ್ಲಿಸುತ್ತಾಳೆ.

"ನಂಗೂ ಹಾಕವ್ವ."

"ನಿಮ್ಮೋರು ಏನಾದ್ರೂ ಅಂದ್ರೆ?"

"ಅನ್ಲಿ ಬುಡು. ನಮ್ಮಕ್ಕನೂ ಬೈತಾಳೆ. ಆದ್ರೆ ಗುರುತು ಹಿಡೀತಾಳೆ ಕಣೆ. ಅವಳೊಬ್ಬಳಾದ್ರೂ ಹಿಡೀತಾಳೆ."

ಒಳಗೆ ಸೊಸೆ ಪಾತ್ರೆ ಉಜ್ಜುತ್ತಿದ್ದಳು. ಅವಳ ಬಳೆ ಸದ್ದಿಗೆ ಬೆಚ್ಚಿ ತಿರುಗಿದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕುಣಿಗಲ್‌ಗೆ ಹೋದೆ. ತಂಗಿಯ ಮಗ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. "ಬಳೆ ನಿಮ್ಮಮ್ಮನೇ ಕೇಳಿ ಹಾಕಿಸ್ಕಂಡ್ಲು ಕಣಪ್ಪ. ಆ ಕೈ ಅವಳ್ದು ಅಂತ ನಂಗೆ ಗೊತ್ತಿತ್ತು. ಅವತ್ತು ಕತ್ತರಿಸಿದ್ದನ್ನ ಮಹಡಿಯವನು ಹಂಗೇ ಚಾನೆಲ್‌ನೋರಿಗೆ ತೋರಿಸ್ಲಿ, ನಾನು ಅಲ್ಲ ಅಂದಿದ್ದೂ ಸೇರಿ. ನೀನು ಹೂಂ ಅನ್ನು" ಎಂದೆ. ಅವನು ಹೂಂ ಎನ್ನಲಿಲ್ಲ, ಒಳಗೆ ಬಾ ದೊಡ್ಡಮ್ಮ ಎಂದೂ ಅನ್ನಲಿಲ್ಲ. ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕೂತೆ.