ಹೊಟ್ಟೆ ತುಂಬಿದ ಕೌದಿ

ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಏಳೂವರೆಗೆ ವಿಜಯಪುರದ ಜೋರಾಪುರ ಪೇಟೆಯ ಮನೆಯಿಂದ ಹೊರಟೆ. ಕೈಯಲ್ಲಿ ಊಟದ ಡಬ್ಬಿ, ಹೊಲಿಗೆ ಸಾಮಾನು, ಒಂದೇ ಒಂದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಎಂಟು ತಿಂಗಳು ಕೂತು ಹೊಲಿದ ಹೊದಿಕೆ. ಮನೆಯವರು ಮೆಚ್ಚಿದ್ದರು. ಆದರೆ ಗುರುತಿಲ್ಲದವರೊಬ್ಬರು ಬೇಕೆಂದು ಕೇಳಿ ಒಯ್ಯಬೇಕೆಂಬುದು ನನ್ನ ಆಸೆ. ಒಯ್ಯುತ್ತಾರೆಂಬ ಭರವಸೆಯೂ ಇತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹೊಲಿಗೆ, ಒಂದೆಳೆ ಆಚೀಚೆ ಆಗಿರಲಿಲ್ಲ.

ತಿಕೋಟಾದವರೆಗೆ ಸರ್ಕಾರಿ ಬಸ್ಸು, ಹೆಂಗಸರಿಗೆ ಶೂನ್ಯ ಟಿಕೆಟ್. ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ಹಸಿರು ಬಲೆ ಇಳಿಬಿಟ್ಟ ಒಣದ್ರಾಕ್ಷಿ ಶೆಡ್ಡುಗಳು. ಅಲ್ಲಿಂದ ಘೋಣಸಗಿ ಕಡೆಗೆ ಟಂಟಂ ಆಟೋ, ಮೂವತ್ತು ರೂಪಾಯಿ.

ಇಳಿದದ್ದು ಊರವರೇ ಸೇರಿ ಕಾಯುವ ಹುಲ್ಲುಗಾವಲಿನ ಬಳಿ. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಅದರ ಅಂಚಿನ ಬೇವಿನ ಮರಗಳ ಕೆಳಗೆ ಕೈಕಸುಬಿನ ಸಂತೆ ಕೂಡುತ್ತದೆ. ಒಳಗೆ ಬಿಡುವ ಮುಂಚೆ ಚೀಲ ಬಿಚ್ಚಿಸಿ ಪ್ಲಾಸ್ಟಿಕ್, ಕಡ್ಡಿಪೆಟ್ಟಿಗೆ ಇವೆಯೇ ಎಂದು ನೋಡಿದರು. ಹುಲ್ಲು ಒಣಗಿ ನಿಂತಿದ್ದರಿಂದ ಒಲೆ ಹಚ್ಚುವಂತಿರಲಿಲ್ಲ. ಚಹಾ ಕೂಡ ಊರಿನಿಂದಲೇ ಬರುತ್ತಿತ್ತು. ಮೈಕೂ ಇಲ್ಲ. ದೂರದಲ್ಲಿ ಮೂರು ಚಿಗರಿ ಜಿಂಕೆಗಳು ಕತ್ತೆತ್ತಿ ನಮ್ಮನ್ನು ನೋಡಿ ಮತ್ತೆ ಮೇಯತೊಡಗಿದವು.

ನನ್ನ ಪಕ್ಕಕ್ಕೆ ಬಿದಿರ ಬುಟ್ಟಿ ಹೆಣೆಯುವ ಗಂಗವ್ವ ಕೂತಿದ್ದಳು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿತದ್ದನ್ನು ಬೆಳಿಗ್ಗೆಯೇ ಅವಳಿಗೆ ಹೇಳಿಕೊಂಡಿದ್ದೆ. ಮಧ್ಯಾಹ್ನದವರೆಗೆ ಕೌದಿ ಮುಟ್ಟಿ ಹೋದವರೇ ಹೆಚ್ಚು. ಆಮೇಲೆ ಬಬಲೇಶ್ವರದ ಒಬ್ಬ ಹಿರಿಯ ಹೆಣ್ಣುಮಗಳು ಬಂದರು. ಮಗಳು ಬಾಣಂತಿಯಂತೆ, ಮೊಮ್ಮಗುವಿಗೆ ಕೌದಿ ಬೇಕಂತೆ. ಅಂಚು ತಿರುವಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. ಕಡೆಗೆ ಅಂಗೈಯಿಂದ ನಡುವನ್ನು ಒತ್ತಿ ನೋಡಿ, ಮಡಚಿ ಇಟ್ಟುಬಿಟ್ಟರು.

“ಹೊಲಿಗಿ ಛಲೋ ಐತ್ರಿ. ಆದ್ರ ಹೊಟ್ಟಿ ಖಾಲಿ ಐತಿ. ಹಸದ ಕೌದಿ ಕೂಸಿಗೆ ಹೊಚ್ಚಂಗಿಲ್ರಿ.”

ನನಗೆ ತಿಳಿಯಲಿಲ್ಲ. ಗಂಗವ್ವ ನಗುತ್ತಲೇ ಬಿಡಿಸಿ ಹೇಳಿದಳು: ಕೌದಿ ಮುಗಿಸುವಾಗ ನಡುವೆ ಬಾಯಿ ಬಿಟ್ಟು, ಒಳಗೆ ರೊಟ್ಟಿಯ ಚೂರು ಇಟ್ಟು, ಮೇಲೊಂದು ತುಂಡು ಬಟ್ಟೆ ಹಚ್ಚಬೇಕು. ಹಾಗಾದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ.

“ನಿಮ್ಮ ಸಾಲ್ಯಾಗ ಇದೊಂದ ಕಲಿಸಲಿಲ್ಲೇನ ಬೇ?”

ನಡುವೆ ನಾನು ಗುಲಾಬಿ ಕಸೂತಿ ಹಾಕಿದ್ದೆ. ಅದೊಂದಕ್ಕೇ ಹದಿನೈದು ದಿನ ಹಿಡಿದಿತ್ತು. ಅದನ್ನೇ ಕತ್ತರಿಸಬೇಕು. ಅರ್ಧ ತಾಸು ಕೂಡುತ್ತೀರಾ ಎಂದು ಆ ತಾಯಿಯನ್ನು ಕೇಳಿದೆ. ಅವರು ಬೇವಿನ ಬುಡಕ್ಕೆ ಕೂತರು. ನಾನು ಕತ್ತರಿ ಹಾಕಿದೆ.

ಡಬ್ಬಿ ತೆರೆದರೆ ಇದ್ದದ್ದು ಬ್ರೆಡ್ಡು, ಜಾಮು. ಗಂಗವ್ವ ಇಣುಕಿ ನೋಡಿ, “ಅದನ್ನಿಟ್ರ ಕೌದ್ಯಾಗ ಇರುವಿ ಸಂತಿ ಕೂಡ್ತೈತಿ ನೋಡವಾ” ಎಂದಳು. ಅವಳ ಬುತ್ತಿಯ ರೊಟ್ಟಿ ಆಗಲೇ ಮುಗಿದಿತ್ತು. ಆಗ ಆ ತಾಯಿಯೇ ತಮ್ಮ ಬುತ್ತಿ ಬಿಚ್ಚಿ, ಖಡಕ್ ಜೋಳದ ರೊಟ್ಟಿಯ ಅಂಚು ಮುರಿದು ತಮ್ಮ ಕೈಯಾರೆ ಒಳಗಿಟ್ಟರು. ನಾನು ನೀಲಿ ತುಂಡೊಂದನ್ನು ಮೇಲಿಟ್ಟು ಹೊಲಿದೆ. ಅವರ ಟಂಟಂ ತಪ್ಪೀತೆಂಬ ಅವಸರಕ್ಕೆ ಹೊಲಿಗೆ ಸೊಟ್ಟಗಾಯಿತು; ಸಿಸ್ಟರ್ ಕಂಡಿದ್ದರೆ ಬಿಚ್ಚಿಸುತ್ತಿದ್ದರು.

ಅವರು ಮತ್ತೆ ಅಂಗೈ ಒತ್ತಿದರು. ಒಳಗೆ ರೊಟ್ಟಿ ಸಣ್ಣಗೆ ಚಟ್ ಎಂದಿತು.

“ಈಗ ಉಂಡೈತಿ,” ಎಂದು ಹಣ ಕೊಟ್ಟು, ಕೌದಿಯನ್ನು ಹೆಗಲಿಗೆ ಹಾಕಿಕೊಂಡರು.

ಅವರು ಹುಲ್ಲಿನ ಅಂಚಿನ ಕಾಲುದಾರಿ ಹಿಡಿದು ಹೋಗುವುದನ್ನು ನೋಡುತ್ತ ನಿಂತೆ. ನೀಲಿ ತೇಪೆಯ ಕೆಳಗಿನಿಂದ ನನ್ನ ಗುಲಾಬಿಯ ಎರಡು ಎಸಳು ಹೊರಗಿಣುಕುತ್ತಿದ್ದವು.

ತಿಕೋಟಾದಲ್ಲಿ ವಿಜಯಪುರದ ಬಸ್ಸು ಹತ್ತಿ ಕೂತ ಮೇಲೆ ನೆನಪಾಯಿತು, ನಾನಿನ್ನೂ ಉಂಡಿರಲಿಲ್ಲ. ಡಬ್ಬಿ ತೆರೆದೆ.